ದೀಪ ಆರಿದ ಮಧ್ಯಾಹ್ನ

ಮಾರ್ಚ್ 4

ಬಹಳ ಕಾಲದ ಮೇಲೆ ಪೆನ್ನು ಹಿಡಿದಿದ್ದೇನೆ. ರಂಗದ ಮೇಲೆ ಗುಡುಗಿದ ಗಂಟಲು ಇದು! ಹೆಂಡತಿ ಹೋದಳು, ಹಿಂದೆಯೇ ನಾಟಕ ಕಂಪನಿಯೂ ಮುಚ್ಚಿತು. ಈಗ ಹಾಲಿನವನಿಗೆ ‘ಅರ್ಧ ಲೀಟರ್’ ಎನ್ನುವುದು ಬಿಟ್ಟರೆ ಈ ಗಂಟಲಿಗೆ ಬೇರೆ ಸಂಭಾಷಣೆಯಿಲ್ಲ. ಆದ್ದರಿಂದ ಬರೆಯುತ್ತೇನೆ. ಕೇಳುವವರಿಲ್ಲ, ಚಪ್ಪಾಳೆಯಿಲ್ಲ. ಪರದೆ ಏಳಲಿ.

ಎದ್ದಿತು. ದೃಶ್ಯ: ನನ್ನ ಕೋಣೆಯ ಕೆಳಗಿನ ಕ್ಷೌರದಂಗಡಿ. ಕ್ಷೌರಿಕ ನನ್ನ ಕೆನ್ನೆಗೆ ನೊರೆ ಹಚ್ಚುತ್ತಿದ್ದ.

“ಐವತ್ತನೇ ವರ್ಷ ಬಂತು ಗುರುಗಳೇ. ನಮ್ಮ ನಾಡನ್ನ ಆ ದೊಡ್ಡ ದೇಶದ ಹೊಟ್ಟೆಗೆ ಹಾಕಿ ಐವತ್ತು ವರ್ಷ. ಅದೂ ದೀಪ ಆರಿಸಿ!”

“ಯಾವ ದೀಪ?”

“ಇನ್ಯಾವ ದೀಪ? ಸಭಾಭವನದ್ದು! ಮತ ಹಾಕೋ ಹೊತ್ತಿಗೆ ಫಟ್ ಅಂತ ಆರಿಸಿದ್ರು. ಮತ್ತೆ ಹತ್ತಿದಾಗ ನೋಡ್ತೀವಿ, ಬೇಡ ಅಂತ ಕೂಗ್ತಿದ್ದೋರೆಲ್ಲ ಬೇಕು ಅಂತ ಎದ್ದು ನಿಂತಿದ್ದಾರೆ. ನಾನೇ ಕಣ್ಣಾರೆ ಕಂಡಿದೀನಿ.”

“ನೀನು ಹುಟ್ಟಿದ್ದು ಯಾವಾಗಯ್ಯಾ?”

“ಅದಾಗಿ ಆರು ವರ್ಷಕ್ಕೆ,” ಎಂದ, ಕತ್ತಿಯನ್ನು ಒರೆಸುತ್ತ, ಸ್ವಲ್ಪವೂ ಅಳುಕದೆ.

ಅವನು ಕಂಡಿದ್ದು ನಮ್ಮ ನಾಟಕವನ್ನು. ಅದನ್ನು ನೋಡದವರು ಈ ಊರಿನಲ್ಲಿಲ್ಲ. ಪ್ರತಿ ವರ್ಷ ವಿಲೀನದ ದಿನ ಶಾಲೆಯ ಮಕ್ಕಳನ್ನು ಸಾಲಾಗಿ ತಂದು ಕೂರಿಸುತ್ತಿದ್ದರು; ಅವರು ಬೆಳೆದು ತಮ್ಮ ಮಕ್ಕಳನ್ನು ತಂದು ಕೂರಿಸಿದರು. ನಾನು ಸಭಾಧ್ಯಕ್ಷ. “ಒಪ್ಪುವವರು ಏಳಿರಿ!” ಎಂದು ನಾನು ಅಬ್ಬರಿಸಿದರೆ ಕೊನೆಯ ಸಾಲಿನ ಹಸುಗೂಸು ಬೆಚ್ಚಿ ಅಳಬೇಕು. ದೀಪ ಆರುತ್ತಿದ್ದದ್ದು ಅಲ್ಲಿ. ಯಾಕೆಂದರೆ ಸಭೆಯಲ್ಲಿದ್ದವರು ನಲವತ್ತು ಜನ, ಕಂಪನಿಯಲ್ಲಿದ್ದವರು ಆರು ನಟರು. ವಿರೋಧದ ಬೆಂಚಿನಲ್ಲಿ ಕೂಗಾಡಿದವರೇ ಕತ್ತಲಲ್ಲಿ ಓಡಿಹೋಗಿ, ಮೀಸೆ ಬದಲಿಸಿಕೊಂಡು, ಒಪ್ಪಿಗೆಯ ಬೆಂಚಿನಲ್ಲಿ ಎದ್ದು ನಿಲ್ಲಬೇಕಿತ್ತು. ನಾಟಕ ಬರೆದ ನಮ್ಮ ಮಾಲೀಕರಿಗೆ, ಈಗವರು ಇಲ್ಲ, ಬೇರೆ ದಾರಿ ಹೊಳೆದಿರಲಿಲ್ಲ.

ನಿಜವಾದ ವಿಲೀನವನ್ನೂ ನಾನು ನೋಡಿದ್ದೇನೆ. ಆಗ ಹತ್ತೊಂಬತ್ತರ ಹುಡುಗ. ಅಕ್ಕನ ಗಂಡ ಸಭಾಭವನದ ಎಲೆಕ್ಟ್ರಿಷಿಯನ್. “ಸೆಕೆಗೆ ಯಾಕೆ ಸಾಯ್ತೀಯ, ಬಾ, ಒಳಗೆ ಫ್ಯಾನಿದೆ,” ಎಂದು ಕರೆದುಕೊಂಡು ಹೋಗಿ ಗ್ಯಾಲರಿಯಲ್ಲಿ ಕೂರಿಸಿದ್ದ. ಊಟ ಮುಗಿದ ಹೊತ್ತು. ಕಿಟಕಿಗಳೆಲ್ಲ ಬಾಯ್ದೆರೆದಿದ್ದವು, ಮೇಜುಗಳ ಮೇಲೆ ಬಿಸಿಲು ಚೆಲ್ಲಿತ್ತು. ದೀಪವನ್ನು ಯಾರೂ ಹಾಕಿಯೇ ಇರಲಿಲ್ಲ. ಅಧ್ಯಕ್ಷರು ಮೂಗಿನಲ್ಲಿ ಮಾತಾಡುವ ಸಣ್ಣ ಮನುಷ್ಯ. ಒಪ್ಪುವವರು ಏಳಿ ಎಂದರು. ಮುಕ್ಕಾಲು ಪಾಲು ಜನ ಎದ್ದರು. ಒಬ್ಬ ತೂಕಡಿಸುತ್ತಿದ್ದ, ಪಕ್ಕದವನು ಮೊಣಕೈಯಿಂದ ತಿವಿದ ಮೇಲೆ ಅವನೂ ಎದ್ದ. ಏಳದವರ ಪೈಕಿ ಒಬ್ಬ ಮುದುಕಿ ಕಿತ್ತಳೆ ಸುಲಿಯುತ್ತಿದ್ದಳು. ಗುಮಾಸ್ತ ಬರೆದುಕೊಂಡ. ಆಮೇಲೆ ಚರಂಡಿ ವಿಷಯಕ್ಕೆ ಹೋದರು. ಒಂದು ನಾಡು ಇನ್ನೊಂದು ದೇಶದೊಳಗೆ ಸೇರಿದ್ದು ಹೀಗೆ, ಫ್ಯಾನಿನ ಕೆಳಗೆ, ಆಕಳಿಸುತ್ತ. ಯಾರೂ ಅಳಲಿಲ್ಲ, ಯಾರೂ ಹಾಡಲಿಲ್ಲ.

ಕ್ಷೌರಿಕನ ಮಾತಿಗೆ ನಗು ಬರಬೇಕಿತ್ತು. ಬರಲಿಲ್ಲ. ಈಚೆಗೆ ಯಾವುದೂ ಬರುವುದಿಲ್ಲ.

ಮಾರ್ಚ್ 9

ಅಕ್ಕ ಬಂದಿದ್ದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ, ಕುರ್ಚಿಯ ಮೇಲಿದ್ದ ನನ್ನ ಬಟ್ಟೆಗಳನ್ನು ನೆಲಕ್ಕೆ ತಳ್ಳಿ ಕೂತಳು.

“ಯಾರೋ ದಿನಾ ಸಂಜೆ ಬಂದು ನಮ್ಮ ಮೀಟರ್ ಪೆಟ್ಟಿಗೆಯಿಂದ ಫ್ಯೂಸ್ ಕಿತ್ಕೊಂಡು ಹೋಗ್ತಾರೆ ಕಣೋ. ಕತ್ತಲೇಲಿ ಕೂತಿರ್ತೀವಿ. ಹೊರಗೆ ನಗೋದು ಕೇಳಿಸುತ್ತೆ. ಬಾಗಿಲ ಮೇಲೆ ಬರೆದಿದ್ದಾರೆ, ದೀಪ ಆರಿಸಿದವನ ಮನೆ ಅಂತ.”

“ಭಾವ ಏನಂತಾರೆ?”

“ಏನಂತಾರೆ! ‘ಮಕ್ಕಳು ಬರಿಗೈಲಿ ಕೀಳ್ತಾರೆ, ಕೈ ಸುಟ್ಕೊಂಡಾರು, ಯಾರಾದ್ರೂ ಹೇಳಿಕೊಡಬೇಕು’ ಅಂತಾರೆ. ಹೊಸ ತಂತಿ ಸುತ್ತಿ ಸುತ್ತಿ ಹಾಕ್ತಾರೆ. ನನಗಂತೂ ಹೊಟ್ಟೆ ಉರಿದುಹೋಗುತ್ತೆ.”

ಕಂಪನಿಯ ಕತೆ ಅಕ್ಕನಿಗೂ ಗೊತ್ತು. ಆರು ಜನರ ಮೀಸೆಗಳಿಗೆ ಅಂಟು ಕಾಯಿಸುತ್ತಿದ್ದವಳೇ ಅವಳು.

“ನೀನು ಒಂದು ಮಾತು ಹೇಳು ಸಾಕು. ನಿನ್ನ ಬಾಯಂದ್ರೆ ಊರೇ ಕಿವಿಗೊಡುತ್ತೆ.”

ಹೇಳುತ್ತೇನೆ ಎಂದೆ. ಹೋಗುವಾಗ ಬಟ್ಟೆಗಳನ್ನು ಮಡಿಸಿಟ್ಟು ಹೋದಳು.

ಮಾರ್ಚ್ 13

ಹೇಳಿದೆ. ಕ್ಷೌರದಂಗಡಿ ತುಂಬಿತ್ತು. ಸರದಿಗೆ ಕಾಯುತ್ತಿದ್ದ ನಿವೃತ್ತ ಮಾಸ್ತರೊಬ್ಬರು ಆಗ ತಾನೇ ಎಲ್ಲರಿಗೂ ಪಾಠ ಮಾಡುತ್ತಿದ್ದರು: ದೀಪ ಹತ್ತಿದ ಮೇಲೆ ಎದ್ದು ನಿಂತವರು ನಿಜವಾದ ಸದಸ್ಯರೇ ಅಲ್ಲವಂತೆ. ದೊಡ್ಡ ದೇಶದವರು ಮೊದಲೇ ತಯಾರು ಮಾಡಿ ತಂದಿದ್ದ ತದ್ರೂಪಿಗಳಂತೆ. ಅಸಲಿ ಸದಸ್ಯರನ್ನು ನೆಲಮಾಳಿಗೆಗೆ ತಳ್ಳಿದರಂತೆ.

“ಗಮನವಿಟ್ಟು ನೋಡಿದೋರಿಗೆ ಗೊತ್ತಾಗುತ್ತೆ,” ಎಂದರು. “ಅದೇ ಎತ್ತರ, ಅದೇ ಬೂಟು. ಮೀಸೆ ಮಾತ್ರ ಬೇರೆ!”

ನಾನು ಎದ್ದು ನಿಂತೆ. ಎದೆ ತುಂಬ ಗಾಳಿ ಎಳೆದುಕೊಂಡು ಆರು ಜನರ ಕತೆ ಹೇಳಿದೆ. ಯಾರ ಮೀಸೆ ಯಾರ ಮೂಗಿನ ಕೆಳಗೆ ಹೋಗುತ್ತಿತ್ತು, ಒಮ್ಮೆ ಕತ್ತಲಲ್ಲಿ ಇಬ್ಬರು ಡಿಕ್ಕಿ ಹೊಡೆದು ಒಬ್ಬನ ಹಲ್ಲು ಹೇಗೆ ಮುರಿಯಿತು, ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ನಕ್ಕರು. ಕ್ಷೌರಿಕ ಹೊಟ್ಟೆ ಹಿಡಿದುಕೊಂಡ. ಬಹಳ ದಿನಗಳ ಮೇಲೆ ಎದುರಿಗೆ ಪ್ರೇಕ್ಷಕರು.

ನಗು ನಿಂತ ಮೇಲೆ ಮಾಸ್ತರು ಕೇಳಿದರು, ತುಂಬ ಮೃದುವಾಗಿ: “ಹಾಗೆ ಹೇಳೋಕೆ ನಿಮಗೆ ಯಾರು ಹೇಳಿಕೊಟ್ರು?”

“ಯಾರೂ ಇಲ್ಲ. ನಾನೇ ಇದ್ದೆನಲ್ಲ.”

“ಇದ್ದಿರಿ, ಇಲ್ಲ ಅಂದೋರ್ಯಾರು. ಆದರೆ ಆ ಎಲೆಕ್ಟ್ರಿಷಿಯನ್ನು ನಿಮ್ಮ ಭಾವ ಅಲ್ವೇ? ಪಾಪ, ನಾವೂ ಅರ್ಥ ಮಾಡ್ಕೋತೀವಿ.”

ಕ್ಷೌರಿಕ ನನ್ನ ಮುಖ ನೋಡದೆ ಮುಂದಿನವನಿಗೆ ಬಟ್ಟೆ ಹೊದಿಸಿದ. ನಾನು ಮೆಟ್ಟಿಲು ಹತ್ತಿ ಕೋಣೆಗೆ ಬಂದೆ.

ಮಾರ್ಚ್ 20

ಕೋಟು ಹಾಕಿದ ಹೊಸ ನಿರ್ದೇಶಕ ಬಂದಿದ್ದ. ಐವತ್ತನೇ ವರ್ಷಕ್ಕೆ ನಾಟಕವನ್ನು ಮತ್ತೆ ಕಟ್ಟುತ್ತಾರೆ. ಹೊಸ ರಂಗಮಂದಿರ, ಜನ ಬೇಕಾದಷ್ಟಿದ್ದಾರೆ, ನಲವತ್ತಕ್ಕೆ ನಲವತ್ತು ನಟರು. “ಆದ್ರೂ ದೀಪ ಆರೋದು ಇರುತ್ತೆ ಸರ್, ಅದೇ ನಾಟಕದ ಜೀವ,” ಎಂದ. ಒಂದು ದೃಶ್ಯ ಸೇರಿಸಿದ್ದಾನೆ: ಗೋಡೆಯ ಮೇಲೊಂದು ಸ್ವಿಚ್ಚು, ಅದರತ್ತ ಚಾಚುವ ಒಂದು ಕೈ. ನನಗೆ ಹೊಸ ಪಾತ್ರ, ‘ಸಾಕ್ಷಿ’. ಮೊದಲಿನಿಂದ ಕೊನೆಯವರೆಗೆ ರಂಗದ ಮೇಲೇ ಇರುತ್ತೇನಂತೆ.

“ನೀವು ಅಭಿನಯ ಮಾಡೋದೇ ಬೇಡ. ನೀವು ನಿಜವಾಗ್ಲೂ ಅಲ್ಲಿದ್ರಿ.”

“ಅದು ನಡೆದದ್ದು ಮಧ್ಯಾಹ್ನ,” ಎಂದೆ.

“ಮಧ್ಯಾಹ್ನ ಯಾರು ಸರ್ ದೇಶ ಮಾರ್ತಾರೆ?”

ಒಳ್ಳೆಯ ಸಂಭಾಷಣೆ. ಒಪ್ಪಿಕೊಂಡೆ. ಪಾತ್ರ ಪಾತ್ರವೇ. ರಂಗದ ಮೇಲೆ ನೂರಾರು ಸಲ ಸತ್ತಿದ್ದೇನೆ, ಮನೆಗೆ ಬಂದು ಊಟ ಮಾಡಿದ್ದೇನೆ.

ಮಾರ್ಚ್ 27

ತಾಲೀಮು. ‘ಸಾಕ್ಷಿ’ಯ ಮಾತು ಹೀಗೆ ಶುರುವಾಗುತ್ತದೆ: “ನಾನಿದ್ದೆ! ಆ ರಾತ್ರಿ ನಾನಲ್ಲಿದ್ದೆ! ದೀಪ ಆರಿತು. ಕತ್ತಲಿಗೆ ಕೈಗಳಿದ್ದವು!” ಕತ್ತಲಿಗೆ ಕೈಗಳಿದ್ದವು. ಈ ನಿರ್ದೇಶಕ ಹುಡುಗನಿಗೆ ಬರೆಯಲು ಬರುತ್ತದೆ. ಮೊದಲ ಸಲ ಹೇಳುವಾಗ ‘ರಾತ್ರಿ’ ಎಂಬಲ್ಲಿ ತಡವರಿಸಿದೆ. ಅಭ್ಯಾಸ ತಪ್ಪಿದೆ, ಅಷ್ಟೆ. ನಾಲ್ಕನೇ ಸಲಕ್ಕೆ ಸಲೀಸಾಯಿತು. ನಟರೆಲ್ಲ ನಿಂತು ಚಪ್ಪಾಳೆ ತಟ್ಟಿದರು.

ಏಪ್ರಿಲ್ 2

ತಾಲೀಮು. ಊಟ. ನಿದ್ದೆ.

ಏಪ್ರಿಲ್ 8

ಅಕ್ಕನ ಮನೆಗೆ ಹೋಗಿದ್ದೆ. ಬಾಗಿಲ ಬರಹವನ್ನು ಭಾವ ಉಜ್ಜಿ ಉಜ್ಜಿ ತೆಗೆದಿದ್ದಾನೆ. ಬಣ್ಣ ಹೋಗಿದೆ, ಅಕ್ಷರ ಉಳಿದಿದೆ. ನಿವೃತ್ತಿಯ ಮೇಲೆ ಮನೆಯಲ್ಲೇ ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಿದ್ದ. ಮುಂದಿನ ಕೋಣೆಯ ಉದ್ದನೆಯ ಬೆಂಚಿನ ಮೇಲೆ ಈಗ ಒಂದೂ ಸಾಮಾನಿಲ್ಲ. ರಿಪೇರಿಗೆ ಕೊಟ್ಟವರು ರಿಪೇರಿಯಾಗುವ ಮೊದಲೇ ವಾಪಸ್ ಒಯ್ದರಂತೆ. ಭಾವ ಸ್ಕ್ರೂಡ್ರೈವರ್‌ಗಳನ್ನು ಉದ್ದದ ಪ್ರಕಾರ ಜೋಡಿಸುತ್ತಿದ್ದ.

“ಬಾರಯ್ಯ ದೊಡ್ಡ ಬಾಯಿ,” ಎಂದ. ಐವತ್ತು ವರ್ಷದಿಂದ ಹಾಗೇ ಕರೆಯುವುದು.

ಊರಿನ ಹಿರಿಯರು ಸೇರಿ ಸತ್ಯ ಸಮಿತಿ ಎಂದು ಒಂದು ಮಾಡಿಕೊಂಡಿದ್ದಾರೆ. ಭಾವನ ಹೆಸರನ್ನು ದ್ರೋಹಿಗಳ ಫಲಕದಲ್ಲಿ ಕೆತ್ತಿಸಿ ಚೌಕದಲ್ಲಿ ನಿಲ್ಲಿಸಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರಂತೆ. ಅಂದು ಗ್ಯಾಲರಿಯಲ್ಲಿದ್ದವರ ಪೈಕಿ ಬದುಕಿರುವವನು ನಾನೊಬ್ಬನೇ. ನನ್ನನ್ನು ಕರೆದಿದ್ದಾರೆ.

“ನಾನೂ ಹೋಗಿ ಹೇಳಿದೆ,” ಎಂದಳು ಅಕ್ಕ. “ಅವತ್ತು ಇವರಿಗೆ ಬುತ್ತಿ ತಂದವಳು ನಾನೇ ಕಣ್ರಪ್ಪಾ, ಹಿಂದಿನ ಬಾಗಿಲ ಮೆಟ್ಟಿಲು ಬಿಸಿಲಿಗೆ ಕಾದು ಕಾಲು ಸುಡ್ತಿತ್ತು ಅಂದೆ. ಹೆಂಡತಿ ಮಾತು ಲೆಕ್ಕಕ್ಕಿಲ್ಲ ತಾಯಿ ಅಂದುಬಿಟ್ರು. ಇನ್ನು ನೀನೇ. ಎರಡೇ ಮಾತು. ಮಧ್ಯಾಹ್ನ ಇತ್ತು, ದೀಪ ಹಾಕಿರಲಿಲ್ಲ. ಅಷ್ಟು ಹೇಳಿ ಇಳಿದುಬಿಡು. ಆ ಫಲಕ ಎದ್ದರೆ ನಾವು ಈ ಬೀದೀಲಿ ಬಾಳೋಕಾಗಲ್ಲ.”

“ಎರಡು ಮಾತಿಗೆ ಇಷ್ಟು ಪೀಠಿಕೆ ಯಾಕಕ್ಕಾ?” ಎಂದೆ. “ಹೇಳ್ತೀನಿ.”

ಭಾವ ತಲೆಯೆತ್ತದೆ ಕೇಳಿದ: “ಆ ನಾಟಕದಲ್ಲಿ ನೀನೂ ಇದೀಯಂತೆ?”

“ಪಾತ್ರ, ಭಾವ.”

“ಹೂಂ. ಪಾತ್ರ,” ಎಂದು ಸ್ಕ್ರೂಡ್ರೈವರ್ ಒಂದನ್ನು ತೆಗೆದು ಬೇರೆ ಕಡೆ ಇಟ್ಟ.

ಏಪ್ರಿಲ್ 15

ಸಮಿತಿಯ ಮುಂದೆ ಏನು ಹೇಳಬೇಕೆಂದು ನೆನಪು ಮಾಡಿಕೊಳ್ಳುತ್ತಿದ್ದೆ. ಸಾಕ್ಷಿ ಹೇಳುವವನು ಸ್ಪಷ್ಟವಾಗಿರಬೇಕು. ಊಟ ಮುಗಿದು ಬಹಳ ಹೊತ್ತಾಗಿತ್ತು, ಸಂಜೆಯ ಸಮೀಪ. ಬಿಸಿಲು ಕಿಟಕಿಯಿಂದ ಇಳಿದುಹೋಗುತ್ತಿತ್ತು. ಅಷ್ಟು ದೊಡ್ಡ ಭವನ, ಅಂಥ ಹೊತ್ತಿನಲ್ಲಿ ಒಂದೆರಡು ದೀಪವಾದರೂ ಹಾಕಿರಲೇಬೇಕು, ಇಲ್ಲದಿದ್ದರೆ ಗುಮಾಸ್ತ ಬರೆದುಕೊಳ್ಳುವುದು ಹೇಗೆ? ಕಿತ್ತಳೆಯ ಮುದುಕಿ ಏನೋ ಕೂಗಿದಳು. ಏನೆಂದು ಈಗ ನೆನಪಿಗೆ ಬರುತ್ತಿಲ್ಲ.

ಕೆಳಗೆ ಕ್ಷೌರಿಕ ದುಡ್ಡು ಬೇಡ ಎಂದ. “ಸಾಕ್ಷಿಗಳ ಹತ್ರ ದುಡ್ಡು ತಗೊಳ್ಳೋದೇ?” ಅಂಗಡಿಯಲ್ಲಿದ್ದವರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ಮಾಸ್ತರು ಕೂಡ ಎದ್ದರು.

ಏಪ್ರಿಲ್ 19

ಅದು “ದ್ರೋಹ” ಎಂದಿರಬೇಕು. ಮುದುಕಿ ಕೂಗಿದ್ದು.

ಏಪ್ರಿಲ್ 24

ಇಂದು ಸಮಿತಿ ಸೇರಿತು. ಜನ ಹೆಚ್ಚಾದದ್ದರಿಂದ ಸಭೆಯನ್ನು ಹೊಸ ರಂಗಮಂದಿರದಲ್ಲೇ ಇಟ್ಟುಕೊಂಡಿದ್ದರು. ನಮ್ಮ ತಾಲೀಮಿನ ಬೆಂಚುಗಳು ಹಾಗೇ ಇದ್ದವು. ಹಿರಿಯರು ಅವುಗಳ ಮೇಲೆ ಕೂತಿದ್ದರು. ಅಕ್ಕ, ಭಾವ ಮುಂದಿನ ಸಾಲಿನಲ್ಲಿ. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ.

ನನ್ನನ್ನು ಕರೆದರು. ಮಧ್ಯಕ್ಕೆ ಹೋಗಿ ನಿಂತೆ. ಎದುರಿಗೆ ಕಿಕ್ಕಿರಿದ ಸಭಾಂಗಣ. ಅಷ್ಟು ಮುಖಗಳನ್ನು ನೋಡಿ ಎಷ್ಟು ವರ್ಷವಾಗಿತ್ತು!

“ಅದು ಮಧ್ಯಾಹ್ನ…” ಎಂದೆ.

ಪದ ಬಾಯಿಂದ ಹೊರಟು ಕಾಲ ಬುಡದಲ್ಲೇ ಬಿತ್ತು. ಯಾರೋ ಕೆಮ್ಮಿದರು. ಹಿಂದಿನ ಸಾಲಿನಿಂದ ಒಬ್ಬ, “ಜೋರಾಗಿ! ಕೇಳಿಸ್ತಿಲ್ಲ!” ಎಂದ.

ಕೇಳಿಸ್ತಿಲ್ಲ! ನನಗೆ! ಈ ಮಾತನ್ನು ನನಗೆ ಜನ್ಮದಲ್ಲಿ ಯಾರೂ ಅಂದಿರಲಿಲ್ಲ. ಕಾಲು ತಾನಾಗಿ ಅರ್ಧ ಹೆಜ್ಜೆ ಮುಂದೆ ಬಂತು, ಗದ್ದ ಮೇಲೆದ್ದಿತು, ಎದೆ ತುಂಬಿತು. ಆಮೇಲೆ ಬರಬೇಕಾದ ಮಾತು ಬಂತು. “ನಾನಿದ್ದೆ!” ಎನ್ನುತ್ತಲೇ ಸಭೆ ಉಸಿರು ಹಿಡಿಯಿತು. ಒಂದು ಅಕ್ಷರ ತಪ್ಪಲಿಲ್ಲ. ಕೊನೆಯ ಸಾಲಿನವರೆಗೂ ಮುಟ್ಟಿತು. ಗೋಡೆಗೆ ಬಡಿದು ಮರಳಿ ಬಂದದ್ದು ನನಗೇ ಕೇಳಿಸಿತು.

ಅಕ್ಕ ನಡುವೆ ಎದ್ದು ಹೊರಗೆ ಹೋದಳು. ನೀರು ಕುಡಿಯಲಿರಬೇಕು, ಒಳಗೆ ಸೆಕೆಯಿತ್ತು. ಭಾವ ಕೂತೇ ಇದ್ದ. ತಲೆಯನ್ನು ಸ್ವಲ್ಪ ಓರೆ ಮಾಡಿ, ಕೆಟ್ಟ ಫ್ಯಾನಿನ ಸದ್ದನ್ನು ಆಲಿಸುವಾಗ ಮಾಡುತ್ತಾನಲ್ಲ, ಹಾಗೆ ಕೇಳುತ್ತಿದ್ದ.

ಸಮಿತಿಯವರು ಬಂದು ಕೈ ಕುಲುಕಿದರು. ನಿರ್ದೇಶಕ ಅಪ್ಪಿಕೊಂಡ. ಕೆಲಸ ಚೆನ್ನಾಗಿ ಆಯಿತು ಎನ್ನಬೇಕು.

ಏಪ್ರಿಲ್ 25

ಆ ಎರಡು ಮಾತು ಹೇಳುವುದು ಮರೆತುಹೋಯಿತು. ಅಕ್ಕನಿಗೆ ಹೇಳಿ ಕಳಿಸಬೇಕು.

ಮೇ 3

ಅಕ್ಕ ಬರಲಿಲ್ಲ. ಫಲಕಕ್ಕೆ ಕಲ್ಲು ಬಂದಿದೆಯಂತೆ. ತಾಲೀಮು. ನಿರ್ದೇಶಕ ‘ಸಾಕ್ಷಿ’ಗೆ ಇನ್ನೂ ಎರಡು ಪುಟ ಸೇರಿಸಿದ್ದಾನೆ. ನನಗೆ ನೆನಪಿರುವುದನ್ನೆಲ್ಲ ಹೇಳಿ ಎಂದ. ಬೂಟಿನ ಸದ್ದು, ಆ ರಾತ್ರಿಯ ಗಾಳಿ, ಬಾಗಿಲು ಬಡಿದುಕೊಂಡದ್ದು, ಎಲ್ಲ ಹೇಳಿದೆ. ಬರೆದುಕೊಂಡ.

ಮೇ 12

ಸಂಜೆ ಭಾವ ಬಂದ. ಈ ಮೆಟ್ಟಿಲು ಹತ್ತಿ ಅವನು ಬಂದು ವರ್ಷಗಳೇ ಆಗಿರಬೇಕು. ಕುರ್ಚಿಯ ತುದಿಯಲ್ಲಿ ಕೂತು ನನ್ನ ಕೋಣೆಯ ಬಲ್ಬನ್ನು ನೋಡಿದ, ಹೋಲ್ಡರ್ ಸಡಿಲವಾಗಿದೆ ಎಂದ.

“ನಿನ್ನನ್ನ ಒಂದು ಕೇಳಬೇಕು,” ಎಂದ. “ಬೈಯೋಕೆ ಬಂದಿಲ್ಲ. ನೀನು ಕುಣಿಯೋನು, ಕೂಗಾಡೋನು, ಆದ್ರೆ ಸುಳ್ಳು ಹೇಳೋನಲ್ಲ. ಹುಡುಗನಾಗಿದ್ದಾಗಿಂದ ನೋಡಿದೀನಿ. ನೀನು ಮೇಲೆ ಗ್ಯಾಲರೀಲಿದ್ದೆ, ನಿನಗೆ ಎಲ್ಲಾ ಕಾಣ್ತಿತ್ತು. ನಾನು ಕೆಳಗೆ ಸ್ವಿಚ್ ಕೋಣೇಲಿದ್ದೆ. ನನಗೆ ಗೋಡೆ ಬಿಟ್ರೆ ಏನು ಕಾಣ್ತಿತ್ತು?” ಬಲ್ಬಿನಿಂದ ಕಣ್ಣು ತೆಗೆದು ನನ್ನತ್ತ ನೋಡಿದ. “ನಾನು ಆರಿಸಿದ್ನಾ?”

“ನನ್ನ ನೆನಪಲ್ಲಿ ಕತ್ತಲಿದೆ, ಭಾವ.”

“ಹಾಗಾದ್ರೆ ಆರಿಸಿರಬೇಕು.”

ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಒಗಟು ಬಿಡಿಸಿಕೊಂಡವನ ಸಮಾಧಾನದಂತೆ ಏನೋ ಇತ್ತು. ಆರಿಸಿದೆ ಎಂದು ಎಲ್ಲರೆದುರು ಒಪ್ಪಿ ಕ್ಷಮೆ ಕೇಳಿದರೆ ಫಲಕ ನಿಲ್ಲಿಸುವುದಿಲ್ಲ, ಮನೆಯ ತಂಟೆಗೂ ಯಾರೂ ಬರುವುದಿಲ್ಲ ಎಂದು ಸಮಿತಿಯವರು ಹೇಳಿದ್ದಾರಂತೆ. ನಾಟಕದ ದಿನ, ಕೊನೆಯ ದೃಶ್ಯದ ಮೇಲೆ, ರಂಗದಲ್ಲೇ. ನಿರ್ದೇಶಕನೂ ಒಪ್ಪಿದ್ದಾನಂತೆ.

“ಅಷ್ಟು ಜನರ ಮುಂದೆ ನಾನು ಯಾವತ್ತು ಮಾತಾಡಿದೀನಿ? ಆರಿಸಿದೆ ಅಂತೇನೋ ಹೇಳ್ತೀನಿ. ಯಾಕೆ ಆರಿಸಿದೆ ಅಂತ ಕೇಳಿದ್ರೆ? ಅದು ನನಗೆ ಹೊಳೀತಾನೇ ಇಲ್ಲ. ಎಷ್ಟು ಯೋಚನೆ ಮಾಡಿದ್ರೂ ಹೊಳೀತಿಲ್ಲ. ನೀನೇ ಹೇಳಿಕೊಡು.”

ಯೋಚಿಸಿದೆ. ಇದು ನನ್ನ ಕಸುಬು.

“ಭಯ ಅನ್ನಿ,” ಎಂದೆ. “ಹಣ ಅಂದರೆ ಜನ ಕ್ಷಮಿಸಲ್ಲ. ಭಯ ಅಂದರೆ ಎಲ್ಲರಿಗೂ ತಮ್ಮದೇ ನೆನಪಾಗುತ್ತೆ. ಹೊಸದಾಗಿ ಮದುವೆಯಾಗಿತ್ತು, ಹೆಂಡತೀನ ಏನಾದ್ರೂ ಮಾಡ್ತೀವಿ ಅಂತ ಹೆದರಿಸಿದ್ರು ಅನ್ನಿ.”

“ಹೆದರಿಸಿದ್ರಾ?”

“ಹೆದರಿಸಿರಬೇಕು.”

ತಲೆಯಾಡಿಸಿದ. ಅವನನ್ನು ಎಬ್ಬಿಸಿ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿದೆ. ಮೊದಲ ಸಲ ತೊದಲಿದ. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಜೇಬಿಗೆ ತುರುಕಿದ. ತೆಗೆಸಿದೆ. “ನಾನು ದೀಪ ಆರಿಸಿದೆ” ಎಂದ ಮೇಲೆ ಉಸಿರು ತೆಗೆದುಕೊಳ್ಳಬೇಕು, ಅವಸರ ಮಾಡಬಾರದು, ನೆಲ ನೋಡಬಾರದು, ದೂರದಲ್ಲಿ ಒಬ್ಬರನ್ನು ಆರಿಸಿಕೊಂಡು ಅವರಿಗೆ ಹೇಳುವಂತೆ ಹೇಳಬೇಕು ಎಂದು ತಿದ್ದಿದೆ. ಎರಡನೇ ಸಲ ಸುಮಾರಾಗಿತ್ತು. ಮೂರನೇ ಸಲ ಹೆಂಡತಿಯ ಮಾತು ಬಂದಾಗ ಅವನ ದನಿ ತಾನಾಗಿ ಒಡೆಯಿತು. ಹೇಳಿಕೊಟ್ಟರೆ ಬರುವಂಥದ್ದಲ್ಲ ಅದು. ಇಷ್ಟು ವರ್ಷ ಮನೆಯಲ್ಲೇ ಇಂಥ ನಟನಿದ್ದುದು ನನಗೆ ತಿಳಿದಿರಲಿಲ್ಲ.

ಅಕ್ಕನೂ ಜೊತೆಗೆ ಬಂದಿದ್ದಳೆಂದು ಆಗ ಗೊತ್ತಾಯಿತು. ಬಾಗಿಲಾಚೆ, ಮೆಟ್ಟಿಲ ಮೇಲೆ, ಚಪ್ಪಲಿ ಬಿಡದೆ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

“ಒಳಗೆ ಬಾ ಅಕ್ಕಾ, ಕೂತ್ಕೊಂಡು ಕೇಳು,” ಎಂದೆ.

“ಬೇಡ,” ಎಂದಳು. “ಇಲ್ಲೀವರೆಗೂ ಚೆನ್ನಾಗಿ ಕೇಳಿಸ್ತಿದೆ.”